ಎಲ್ಲ ನಿಲ್ದಾಣವೂ ದುವ್ವಾಡ ಆದಾಗ

ವಿಜಯವಾಡದ ಕಡೆಯಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಬರುವವರಿಗೆ ದುವ್ವಾಡ ಗೊತ್ತು. ಹೌರಾ ಕಡೆಗೆ ಹೋಗುವ ರೈಲು ವಿಶಾಖಪಟ್ಟಣದೊಳಗೆ ಹೋದರೆ ಇಂಜಿನ್ನನ್ನು ಇನ್ನೊಂದು ತುದಿಗೆ ಜೋಡಿಸಿಕೊಂಡು ಬಂದ ದಿಕ್ಕಿಗೇ ಹೊರಡಬೇಕು. ಆ ಗೋಜು ಬೇಡವೆಂದು ಕೆಲವು ರೈಲುಗಳು ಊರೊಳಗೆ ಹೋಗದೆ, ವಿಶಾಖಪಟ್ಟಣದವರನ್ನು ದುವ್ವಾಡದಲ್ಲೇ ಇಳಿಸಿ ಮುಂದೆ ಸಾಗುತ್ತವೆ.

ಈ ದಾರಿಯ ನಿಲ್ದಾಣಗಳನ್ನು ಜಾವಾಸ್ಕ್ರಿಪ್ಟಿನ ಒಂದು ಅರೇಗೆ ಸೇರಿಸೋಣ. ಲೂಪಿಗೆ ಮೊದಲು ‘ನಿಲ್ದಾಣ’ ಅಂತ ಒಂದು ಆಬ್ಜೆಕ್ಟ್ ಮಾಡಿಕೊಳ್ಳಿ. (ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಬರೆದರೂ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ, ನಿಮ್ಮ ಟೀಮ್ ಲೀಡ್ ಒಪ್ಪುವುದು ಕಷ್ಟ.) ಲೂಪಿನೊಳಗೆ ಅದರ ಹೆಸರನ್ನು ವಿಜಯವಾಡ, ಏಲೂರು, ರಾಜಮಂಡ್ರಿ, ಸಾಮರ್ಲಕೋಟ, ಅನಕಾಪಲ್ಲಿ, ದುವ್ವಾಡ ಎಂದು ಬದಲಿಸುತ್ತಾ ಪ್ರತಿ ಸಲ ಪುಶ್ ಮಾಡಿ. ಅರೇಯ ಉದ್ದ 6, ಸರಿಯಾಗಿದೆ. ತೆರೆದು ನೋಡಿದರೆ ಆರೂ ಕಡೆ ದುವ್ವಾಡ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಪುಶ್ ಆಬ್ಜೆಕ್ಟಿನ ನಕಲು ತೆಗೆಯುವುದಿಲ್ಲ, ಅದು ಎಲ್ಲಿದೆ ಎನ್ನುವ ರೆಫರೆನ್ಸನ್ನು ಮಾತ್ರ ಇಡುತ್ತದೆ. ಆರು ಚೀಟಿಯಲ್ಲಿ ಒಂದೇ ಮನೆಯ ವಿಳಾಸ ಬರೆದ ಹಾಗೆ. ಆ ಮನೆಗೆ ಬಾಡಿಗೆದಾರರು ಬಂದು ಹೋಗುತ್ತಿದ್ದಾರೆ. ನಾಳೆ ಯಾವ ಚೀಟಿ ಹಿಡಿದು ಹೋದರೂ ಬಾಗಿಲು ತೆಗೆಯುವವರು ಕೊನೆಗೆ ಬಂದವರೇ. ಅದೇ ಬರೀ ಸ್ಟ್ರಿಂಗ್ ಅಥವಾ ಸಂಖ್ಯೆಯನ್ನು ಪುಶ್ ಮಾಡಿದ್ದರೆ ಪಟ್ಟಿ ಸರಿಯಾಗಿಯೇ ಬರುತ್ತಿತ್ತು. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ‘ಕಾನ್ಸ್ಟ್’ ಹಾಕಿದರೂ ರಕ್ಷಣೆಯಿಲ್ಲ. ಅದು ಆ ಹೆಸರು ಬೇರೆ ಆಬ್ಜೆಕ್ಟಿಗೆ ಹೋಗದಂತೆ ತಡೆಯುತ್ತದೆಯೇ ಹೊರತು ಒಳಗಿನದು ಬದಲಾಗುವುದನ್ನು ತಡೆಯುವುದಿಲ್ಲ.

ನನ್ನ ಪ್ರಕಾರ ಇದರಲ್ಲಿ ಅತ್ಯಂತ ಸತಾಯಿಸುವುದು ಬ್ರೌಸರಿನ ಕನ್ಸೋಲ್. ಲೂಪಿನೊಳಗೆ ಲಾಗ್ ಹಾಕಿದರೆ ಕ್ರೋಮ್‌ನಲ್ಲಿ ಸಾಲಿನ ಮೇಲೆ ‘ಏಲೂರು’ ಎಂದೇ ಕಾಣುತ್ತದೆ. ಪಕ್ಕದ ಬಾಣ ಒತ್ತಿ ಬಿಡಿಸಿದರೆ ಒಳಗೆ ‘ದುವ್ವಾಡ’! ಮೇಲಿನ ಸಾಲು ಲಾಗ್ ಆದ ಕ್ಷಣದ್ದು, ಒಳಗಿನದು ನೀವು ಬಿಡಿಸಿದ ಕ್ಷಣದ್ದು. ಇದು ತಿಳಿಯದೆ ಸರಿಯಿರುವ ಕೋಡನ್ನೆಲ್ಲ ಅಗೆದು ಹಾಕುವವರುಂಟು.

ನಿಲ್ದಾಣದ ಹೆಸರಾದರೆ ನಕ್ಕು ಬಿಡಬಹುದು. ಅದೇ ಲೂಪ್ ಟಿಕೆಟ್ ರೀಫಂಡಿನ ಪಟ್ಟಿ ತಯಾರಿಸುತ್ತಿದ್ದರೆ? ನೂರು ಜನರ ಸಾಲಿನಲ್ಲೂ ಕೊನೆಯವರ ಖಾತೆ, ಕೊನೆಯವರ ಮೊತ್ತ. ಪಟ್ಟಿಯ ಉದ್ದವನ್ನಷ್ಟೇ ನೋಡುವ ಟೆಸ್ಟ್ ಪಾಸಾಗುತ್ತದೆ. ಒಬ್ಬರೇ ಪ್ರಯಾಣಿಕರನ್ನು ಹಾಕಿ ನೋಡಿದರಂತೂ ಎಲ್ಲವೂ ಸರಿ, ಏಕೆಂದರೆ ಮೊದಲನೆಯವರೂ ಕೊನೆಯವರೂ ಅವರೇ.

ಪರಿಹಾರ ಸರಳ: ಆಬ್ಜೆಕ್ಟನ್ನು ಲೂಪಿನೊಳಗೇ, ಪ್ರತಿ ಸುತ್ತಿಗೆ ಹೊಸದಾಗಿ ಮಾಡಿ. ಮೂರು ಚುಕ್ಕಿಯ ಸ್ಪ್ರೆಡ್ ಬಳಸಿ ನಕಲು ತೆಗೆದರೂ ನಡೆಯುತ್ತದೆ, ಆದರೆ ಅದು ಮೇಲ್ಪದರದ ನಕಲು ಮಾತ್ರ. ನಿಲ್ದಾಣದೊಳಗೆ ಪ್ಲಾಟ್‌ಫಾರ್ಮುಗಳ ಇನ್ನೊಂದು ಅರೇ ಇದ್ದರೆ ಅದು ಹಂಚಿಕೆಯಾಗಿಯೇ ಉಳಿಯುತ್ತದೆ. ಹಳೆಯ ಜೇಸನ್ ಉಪಾಯ, ಅಂದರೆ ಸ್ಟ್ರಿಂಗ್ ಮಾಡಿ ಮತ್ತೆ ಬಿಡಿಸುವುದು, ರೈಲು ಹೊರಡುವ ದಿನಾಂಕವನ್ನು ಬರೀ ಸ್ಟ್ರಿಂಗ್ ಮಾಡಿಬಿಡುತ್ತದೆ. ಈಗ ಇರುವ ‘ಸ್ಟ್ರಕ್ಚರ್ಡ್‌ಕ್ಲೋನ್’ ದಿನಾಂಕವನ್ನು ದಿನಾಂಕವಾಗಿಯೇ ಉಳಿಸುತ್ತದೆ. ಒಳಗೆ ಫಂಕ್ಷನ್ ಇದ್ದರೆ ಮಾತ್ರ ಎರರ್ ಕೊಡುತ್ತದೆ. ಕೊಡಲಿ, ಸುಮ್ಮನಿರುವುದಕ್ಕಿಂತ ಅದು ವಾಸಿ. ‘ಫಿಲ್’ ಬಳಸಿ ಅರೇಗೆ ಖಾಲಿ ಆಬ್ಜೆಕ್ಟ್ ತುಂಬಿದರೂ ಇದೇ ಕಥೆ, ಎಲ್ಲ ಸ್ಥಾನದಲ್ಲೂ ಒಂದೇ ಆಬ್ಜೆಕ್ಟ್.

ಇದು ಜಾವಾಸ್ಕ್ರಿಪ್ಟಿನದೊಂದೇ ಕಾಯಿಲೆಯಲ್ಲ. ಪೈಥಾನಿನಲ್ಲಿ ಲಿಸ್ಟಿನೊಳಗಿನ ಲಿಸ್ಟನ್ನು ಮೂರರಿಂದ ಗುಣಿಸಿ ನೋಡಿ. ಪಿಎಚ್‌ಪಿ 4ರಲ್ಲಿ ಆಬ್ಜೆಕ್ಟನ್ನು ಬೇರೆ ವೇರಿಯಬಲ್ಲಿಗೆ ಕೊಟ್ಟರೆ ನಕಲಾಗುತ್ತಿತ್ತು. 2004ರಲ್ಲಿ ಬಂದ ಪಿಎಚ್‌ಪಿ 5 ಅದನ್ನು ತಿರುಗಿಸಿತು, ಹಳೆಯ ನಡವಳಿಕೆ ಬೇಕಾದವರು ‘ಕ್ಲೋನ್’ ಬರೆಯಬೇಕಾಯಿತು. ತಿರುಗಿಸಿದ್ದಕ್ಕೆ ಕಾರಣವೂ ಇದೆ. ದೊಡ್ಡ ಆಬ್ಜೆಕ್ಟನ್ನು ಮುಟ್ಟಿದಾಗಲೆಲ್ಲ ನಕಲು ತೆಗೆದರೆ ಮೆಮೊರಿ ದಂಡ. ಅಲ್ಲದೆ ಹಂಚಿಕೆಯೇ ಬೇಕಾಗುವ ಸಂದರ್ಭಗಳಿವೆ: ದುವ್ವಾಡದಲ್ಲಿ ರೈಲಿನ ಪ್ಲಾಟ್‌ಫಾರ್ಮ್ ಬದಲಾದರೆ ಬೋರ್ಡಿನಲ್ಲೂ ಮೊಬೈಲಿನಲ್ಲೂ ಒಟ್ಟಿಗೆ ಬದಲಾಗಬೇಕಲ್ಲ.

ಅನುಮಾನ ಬಂದರೆ ಅರೇಯ ಮೊದಲ ಎರಡು ಅಂಶಗಳನ್ನು ಮೂರು ಸಮಚಿಹ್ನೆ ಹಾಕಿ ಹೋಲಿಸಿ. ಆಬ್ಜೆಕ್ಟುಗಳಿಗೆ ‘ಟ್ರೂ’ ಬಂದರೆ ಎರಡೂ ಚೀಟಿಯಲ್ಲಿ ಒಂದೇ ಮನೆ.