ಅತಿಥಿಗೆ ದಾರಿ ತೋರುವ ಪುಟ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವು ಕೆಳದಿಯ ಅರಸರ ಗಿರಿದುರ್ಗವು. ಅದನ್ನು ನೋಡಬರುವವರು ಊಟ ವಸತಿಗಳನ್ನು ಈಗ ಮೊಬೈಲಿನಲ್ಲಿಯೇ ವಿಚಾರಿಸಿಕೊಳ್ಳುವರು. ಆದುದರಿಂದ ಅಲ್ಲಿ ಹೋಂಸ್ಟೇ ನಡೆಸುವ ಗೃಹಸ್ಥರಿಗೆ ನಾವು ಹೇಳಬೇಕಾದ ಮಾತೊಂದುಂಟು. 2018ರಿಂದ ಗೂಗಲ್ ಶೋಧಯಂತ್ರವು ಜಾಲತಾಣಗಳ ಮೊಬೈಲ್ ರೂಪವನ್ನೇ ಮೊದಲು ಓದತೊಡಗಿತು. ಆ ರೂಪದಲ್ಲಿಲ್ಲದ ವಿಷಯವು ಹುಡುಕುವವರಿಗೆ ದೊರೆಯುವುದು ದುರ್ಲಭ. ಬಾಡಿಗೆಯ ದರವನ್ನು ಚಿತ್ರವಾಗಿ ಅಂಟಿಸದೆ ಅಕ್ಷರಗಳಲ್ಲಿಯೇ ಬರೆಯಬೇಕು. ಊರಿನ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಡಬೇಕು. ಭಾರವಾದ ಚಿತ್ರಗಳನ್ನು ಕುಗ್ಗಿಸಬೇಕು. ಮಲೆನಾಡಿನ ಕಣಿವೆಗಳಲ್ಲಿ ಸಿಗ್ನಲ್ ದುರ್ಬಲ. ಪುಟವು ತೆರೆಯುವುದರೊಳಗಾಗಿ ಪ್ರವಾಸಿಯು ಮುಂದಿನ ಊರಿಗೆ ಹೊರಟುಹೋಗಿರುವನು. ದೂರವಾಣಿಯ ಸಂಖ್ಯೆಯನ್ನು ಮುಟ್ಟಿದೊಡನೆ ಕರೆ ಹೋಗುವಂತಿರಲಿ. ಮನೆಯು ಎಷ್ಟು ಅಚ್ಚುಕಟ್ಟಾಗಿದ್ದರೇನು, ವಾಚಕರೇ, ದಾರಿ ತಿಳಿಯದ ಅತಿಥಿಯು ಬರುವುದೆಂತು?