ಡಿಸ್ಕು ಕೆಟ್ಟರೂ ಮಾಹಿತಿ ಕೆಡದಿರಲಿ

ಮದುವೆಯ ಭಾವಚಿತ್ರಗಳು, ಹೊಲಮನೆಗಳ ಕಾಗದಪತ್ರಗಳು, ಮಕ್ಕಳ ಅಂಕಪಟ್ಟಿಗಳು ಒಂದು ಕಾಲಕ್ಕೆ ಟ್ರಂಕಿನಲ್ಲಿ ಭದ್ರವಾಗಿರುತ್ತಿದ್ದವು. ಇಂದು ಇವುಗಳ ಪ್ರತಿಗಳೆಲ್ಲ ಗಣಕಯಂತ್ರದ ಡಿಸ್ಕನ್ನು ಸೇರುತ್ತಿವೆ. ಆ ಡಿಸ್ಕೇ ಕೆಟ್ಟರೆ ಗತಿಯೇನು? ಈ ಪ್ರಶ್ನೆಗೆ ಸಂಬಂಧಿಸಿದ ಕೆಲವು ಪದಗಳನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಲೇಸು.

ಹಾರ್ಡ್ ಡಿಸ್ಕ್: ಕಾಂತೀಯ ಲೇಪನವುಳ್ಳ ತಟ್ಟೆಗಳು ಅತಿವೇಗದಿಂದ ತಿರುಗುವ ಸಾಧನವಿದು. ತಟ್ಟೆಯ ಮೇಲಿನ ವರ್ತುಲಾಕಾರದ ಪಥಕ್ಕೆ ಟ್ರ್ಯಾಕ್ ಎಂದೂ ಅದರ ಒಂದೊಂದು ತುಣುಕಿಗೆ ಸೆಕ್ಟರ್ ಎಂದೂ ಹೆಸರು. 1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಹೊರತಂದ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಆದರೂ ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ.

ರೇಡ್: ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಒಟ್ಟಾಗಿ ದುಡಿಸಬಹುದೆಂದು 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಹಾಗೂ ರ್‍ಯಾಂಡಿ ಕ್ಯಾಟ್ಜ್ ಒಂದು ಪ್ರಬಂಧದಲ್ಲಿ ವಾದಿಸಿದರು. ಡಿಸ್ಕುಗಳು ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು. ಅದಕ್ಕಾಗಿ ಮಾಹಿತಿಯೊಡನೆ ಅದನ್ನು ಮರಳಿ ಪಡೆಯುವ ದಾರಿಯನ್ನೂ ಬರೆದಿಡಬೇಕೆಂಬುದೇ ಈ ವ್ಯವಸ್ಥೆಯ ತಿರುಳು.

ಸ್ಟ್ರೈಪಿಂಗ್: ಮಾಹಿತಿಯನ್ನು ಹೋಳುಮಾಡಿ ಹಲವು ಡಿಸ್ಕುಗಳಿಗೆ ಹಂಚುವುದು. ಇದರಿಂದ ವೇಗ ಹೆಚ್ಚುವುದು. ಆದರೆ ಇದೊಂದೇ ಇದ್ದಲ್ಲಿ ರಕ್ಷಣೆಯಿಲ್ಲ.

ಮಿರರಿಂಗ್: ಒಂದು ಡಿಸ್ಕಿನಲ್ಲಿ ಬರೆದುದನ್ನು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಬರೆಯುವುದು. ಕನ್ನಡಿಯಲ್ಲಿನ ಪ್ರತಿಬಿಂಬದಂತೆ ಎರಡೂ ಒಂದೇ.

ಪ್ಯಾರಿಟಿ: ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 1, 0, 1 ಎಂಬ ಅಂಕೆಗಳಿವೆ ಎನ್ನೋಣ. ಒಂದುಗಳ ಎಣಿಕೆ ಸಮಸಂಖ್ಯೆಯಾಗಿರುವುದರಿಂದ ನಾಲ್ಕನೆಯ ಡಿಸ್ಕಿನಲ್ಲಿ 0 ಬರೆಯಲಾಗುವುದು, ಬೆಸವಾಗಿದ್ದರೆ 1. ಈಗ ಮೊದಲನೆಯ ಡಿಸ್ಕು ಕೆಟ್ಟಿತೆಂದರೆ ಉಳಿಯುವುದು 0, 1, 0. ಒಂದುಗಳ ಎಣಿಕೆ ಮತ್ತೆ ಸಮವಾಗಬೇಕಾದರೆ ಕಳೆದುಹೋದ ಅಂಕೆ 1 ಆಗಿರಲೇಬೇಕು! ಹೀಗೆ ಕೆಟ್ಟ ಡಿಸ್ಕಿನಲ್ಲಿದ್ದುದೆಲ್ಲವನ್ನೂ ಲೆಕ್ಕಹಾಕಿ ಮರಳಿ ಪಡೆಯಬಹುದು.

ಬ್ಯಾಕಪ್: ಬೇರೆಯಾಗಿ ತೆಗೆದಿರಿಸಿದ ಪ್ರತಿ. ಅನೇಕರು ಎಡವುವುದು ಇಲ್ಲಿಯೇ. ರೇಡ್ ಇದ್ದಮೇಲೆ ಬ್ಯಾಕಪ್ ಏಕೆಂದು ಅವರು ಭಾವಿಸುತ್ತಾರೆ. ನೀವು ಕೈತಪ್ಪಿ ಅಳಿಸಿದುದು ಮಿರರಿಂಗಿನ ಎರಡೂ ಡಿಸ್ಕುಗಳಿಂದ ಅಳಿಸಿಹೋಗುವುದು. ಬೆಂಕಿಗೂ ಕಳ್ಳತನಕ್ಕೂ ಎಲ್ಲ ಡಿಸ್ಕುಗಳೂ ಒಮ್ಮೆಲೇ ತುತ್ತಾಗಬಲ್ಲವು.

1998ರಲ್ಲಿ ಕ್ಯಾಲಿಫೋರ್ನಿಯಾದ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ ಒಂದು ತಪ್ಪು ಆದೇಶದಿಂದ ‘ಟಾಯ್ ಸ್ಟೋರಿ 2’ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಬ್ಯಾಕಪ್ ನೋಡಿದರೆ ಅದೂ ಸರಿಯಾಗಿರಲಿಲ್ಲ. ಹಸುಗೂಸಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಂತ್ರಜ್ಞೆ ಗ್ಯಾಲಿನ್ ಸಸ್ಮನ್ ಅವರ ಮನೆಯಲ್ಲಿದ್ದ ಪ್ರತಿಯೇ ಕೊನೆಗೆ ಆಧಾರವಾಯಿತು. ದೂರದಲ್ಲಿದ್ದ ಒಂದು ಪ್ರತಿಯ ಬೆಲೆ ಅಷ್ಟು ದೊಡ್ಡದು!

ಆದ್ದರಿಂದ ಮುಖ್ಯವಾದ ಮಾಹಿತಿಯ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಊರಿನ ಮಗಳ ಮನೆಯಲ್ಲೋ ಸೋದರನ ಮನೆಯಲ್ಲೋ ಇರಲಿ. ಆಗಾಗ್ಗೆ ತೆರೆದು ಪರೀಕ್ಷಿಸುವುದನ್ನು ಮರೆಯಬಾರದು. ಬೆಂಕಿ ಬಿದ್ದಮೇಲೆ ಬಾವಿ ತೋಡುವುದಕ್ಕಿಂತ ಮೊದಲೇ ಎಚ್ಚರಗೊಳ್ಳುವುದು ಮೇಲಲ್ಲವೇ?