ನಿಮ್ಮ ಮನೆಗೆ ಎಂಥ ನಾಯಿ?

ಒಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಕಡೆಯ ಒಂದು ಶಾಲೆಗೆ ಹೋಗಿದ್ದೆ. ನಾನು ಪ್ರಯೋಗದ ಪೆಟ್ಟಿಗೆ ಬಿಚ್ಚುವ ಮೊದಲೇ ಏಳನೇ ತರಗತಿಯ ಹುಡುಗಿಯೊಬ್ಬಳು ಓಡಿ ಬಂದಳು. "ಸಾರ್, ಸಂಕದ ಹತ್ತಿರ ಯಾರೋ ಗೋಣಿಚೀಲದಲ್ಲಿ ನಾಲ್ಕು ನಾಯಿಮರಿ ಬಿಟ್ಟು ಹೋಗಿದ್ದಾರೆ. ಒಂದನ್ನ ಮನೆಗೆ ತಗೊಂಡು ಹೋಗ್ಲಾ?" ಅವಳ ಹಿಂದೆಯೇ ಬಂದ ಹುಡುಗ, "ಅವೆಲ್ಲ ಕಂತ್ರಿ ನಾಯಿ ಸಾರ್. ನಮ್ಮನೆಗೆ ಹಸ್ಕಿ ತರ್ತಾರೆ" ಎಂದ. ಅವನು ಹಸ್ಕಿಯನ್ನು ಮೊಬೈಲಿನಲ್ಲಿ ನೋಡಿದ್ದನಂತೆ. ಹೋಗಿ ನೋಡಿದರೆ ಚೀಲದಲ್ಲಿದ್ದ ನಾಲ್ಕೂ ಹೆಣ್ಣು ಮರಿಗಳು.

ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಮನೆಯಲ್ಲಿ ಹಗಲು ಯಾರಿರುತ್ತಾರೆ?" ಇಬ್ಬರೂ ಮುಖ ಮುಖ ನೋಡಿಕೊಂಡರು.

ಮರಿ ಆರಿಸುವಾಗ ನಾವು ಮರಿಯ ಮುಖ ನೋಡುತ್ತೇವೆ. ಮೊದಲು ನೋಡಬೇಕಾದದ್ದು ನಮ್ಮ ಮನೆಯನ್ನು. ಒಂದು ವಾರ ಹೀಗೆ ಮಾಡಿ. ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಂದು ಗೆರೆ ಎಳೆಯಿರಿ. ಯಾವ ಗಂಟೆಯಲ್ಲಿ ಮನೆಯಲ್ಲಿ ಯಾರಿದ್ದರು, ಅವರಿಗೆ ಬಿಡುವಿತ್ತೇ ಎಂದು ಬರೆಯಿರಿ. ಅಡಿಕೆ ಕೊಯ್ಲಿನ ಸಮಯದಲ್ಲಿ ಮನೆಮಂದಿಯೆಲ್ಲ ಚಪ್ಪರದ ಕೆಲಸದಲ್ಲಿರುತ್ತಾರೆ, ಅದನ್ನೂ ಮರೆಯಬೇಡಿ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಹಗಲಿಡೀ ಒಂಟಿಯಾಗಿ ಕಟ್ಟಿಹಾಕಿದ ಮರಿ ಕೂಗುತ್ತದೆ, ಕಚ್ಚುವುದನ್ನು ಕಲಿಯುತ್ತದೆ.

ಇನ್ನೊಂದು ಲೆಕ್ಕವಿದೆ. ನಾಯಿಯ ಆಯುಸ್ಸು ಸಾಮಾನ್ಯವಾಗಿ 10ರಿಂದ 14 ವರ್ಷ. ಈಗ ನಿಮಗೆ 12 ವರ್ಷ. ಈ ಮರಿ ಮುದಿಯಾಗುವಾಗ ನಿಮ್ಮ ವಯಸ್ಸೆಷ್ಟು? ಆಗ ನೀವು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇದ್ದರೆ ಅದಕ್ಕೆ ಅನ್ನ ಹಾಕುವವರು ಯಾರು? ಬಹಳ ಮನೆಗಳಲ್ಲಿ ಅದು ಅಮ್ಮ ಅಥವಾ ಅಜ್ಜಿ. ಹಾಗಾದರೆ ಮರಿ ತರಲು ಅವರ ಒಪ್ಪಿಗೆ ಬೇಕೇ ಬೇಕು.

ಈಗ ಹಸ್ಕಿಯ ವಿಷಯಕ್ಕೆ ಬರೋಣ. ಅದು ಸೈಬೀರಿಯದ ಹಿಮದಲ್ಲಿ ಜಾರುಬಂಡಿ ಎಳೆಯುತ್ತಿದ್ದ ತಳಿ. ಅದರ ಮೈಮೇಲೆ ಎರಡು ಪದರ ಕೂದಲು. ಒಳಗೆ ದಟ್ಟ ಉಣ್ಣೆ, ಹೊರಗೆ ಉದ್ದ ಕೂದಲು. ನಮಗೆ ಸೆಕೆಯಾದರೆ ಮೈತುಂಬ ಬೆವರುತ್ತದೆ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ನಾಯಿಗೆ ಬೆವರುವ ಗ್ರಂಥಿಗಳಿರುವುದು ಮುಖ್ಯವಾಗಿ ಪಾದದಡಿಯಲ್ಲಿ. ಆದ್ದರಿಂದ ಅದು ನಾಲಿಗೆ ಚಾಚಿ ತೇಕುತ್ತದೆ. ನಾಲಿಗೆ ಮತ್ತು ಉಸಿರಿನ ದಾರಿಯ ತೇವ ಆವಿಯಾಗಿ ರಕ್ತ ತಂಪಾಗುತ್ತದೆ. ಆದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ? ಮಾಡಿ ನೋಡಿ: ಒಂದು ಕರವಸ್ತ್ರ ಒದ್ದೆ ಮಾಡಿ ಫೆಬ್ರವರಿಯಲ್ಲಿ ಜಗಲಿಯ ನೆರಳಿನಲ್ಲಿ ಒಣಗಿಸಿ. ಜುಲೈ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಒಣಗಿಸಿ. ಎಷ್ಟು ಹೊತ್ತು ಹಿಡಿಯಿತೆಂದು ಎರಡು ಸಲವೂ ಬರೆದಿಡಿ. ನಮ್ಮ ಮಲೆನಾಡಿನ ತೇವದಲ್ಲಿ ದಪ್ಪ ಕೂದಲಿನ ನಾಯಿಯ ಕಷ್ಟ ಆಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಅದರ ಕೂದಲು ಬುಡದವರೆಗೆ ಒಣಗುವುದೇ ಇಲ್ಲ, ಚರ್ಮಕ್ಕೆ ಹುಣ್ಣು ಹಿಡಿಯುತ್ತದೆ. ಚಪ್ಪಟೆ ಮೂಗಿನ ಪಗ್ ನಾಯಿಗೆ ತೊಂದರೆ ಬೇರೆ ರೀತಿಯದು. ಅದರ ಮೂಗಿನ ದಾರಿಯೇ ಚಿಕ್ಕದು, ತೇಕಿದರೂ ಸಾಕಷ್ಟು ತಂಪಾಗದು.

"ಹಾಗಾದರೆ ನಮ್ಮ ಕರ್ನಾಟಕದ್ದೇ ಮುಧೋಳ ನಾಯಿ ತರಬಹುದಲ್ಲ ಸಾರ್?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನೇ ಹೊರತಂದಿತು. ತೆಳು ಹೊಟ್ಟೆ, ಆಳವಾದ ಎದೆ, ಉದ್ದ ಕಾಲು. ದೊಡ್ಡ ಹೃದಯ, ದೊಡ್ಡ ಶ್ವಾಸಕೋಶಕ್ಕೆ ಜಾಗವಿರುವ ಆ ದೇಹ ಓಡಲಿಕ್ಕೆಂದೇ ಆದದ್ದು. ಅದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ದೂರದವರೆಗೆ ಕಾಣುತ್ತದೆ, ನೆಲ ಒಣಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಮುಧೋಳದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ನಮ್ಮಲ್ಲಿ ಈ ನಾಯಿಯನ್ನು ಬಿಟ್ಟರೆ ಓಡುವುದನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ಅದು ನೆರೆಮನೆಯ ಕೋಳಿಯೂ ಆಗಬಹುದು, ಕಾಡಿನ ಮೊಲವೂ ಆಗಬಹುದು. ಕಟ್ಟಿಹಾಕಿದರೆ ಕೊರಗುತ್ತದೆ. ದಿನವೂ ಓಡಿಸಲು ಬೇಲಿ ಹಾಕಿದ ಬಯಲು ಇದ್ದವರು ಮಾತ್ರ ಯೋಚಿಸಲಿ.

ಉಳಿದದ್ದು ಆ ಹುಡುಗ "ಕಂತ್ರಿ" ಎಂದ ನಾಡುನಾಯಿ. ಇಂಗ್ಲಿಷಿನ 'ಕಂಟ್ರಿ' ಎಂಬ ಮಾತೇ ಹೀಗಾಯಿತು ಎನ್ನುತ್ತಾರೆ. ಅದು ಬೈಗುಳವಾಗಿದ್ದು ಮಾತ್ರ ನಮ್ಮಿಂದ! ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ (1967) ಗುತ್ತಿಯ ಬೆನ್ನಿಗೇ ಇರುವ ನಾಯಿ ಹುಲಿಯ. ಅಂಥ ನಾಯಿಗಳನ್ನು ಯಾರೂ ಅಂದಕ್ಕಾಗಿ ಆರಿಸಿ ಬೆಳೆಸಿದ್ದಲ್ಲ. ತಲೆತಲಾಂತರದಿಂದ ಇಲ್ಲಿನ ಮಳೆ, ಸೆಕೆ, ರೋಗಗಳನ್ನು ತಡೆದುಕೊಂಡವು ಮಾತ್ರ ಉಳಿದು ಮರಿ ಹಾಕಿವೆ. ಗಿಡ್ಡ ಕೂದಲು ಬೇಗ ಒಣಗುತ್ತದೆ. ದೇಹ ಮಧ್ಯಮ ಗಾತ್ರದ್ದು, ಊಟ ಕಡಿಮೆ ಸಾಕು. ನನ್ನನ್ನು ಕೇಳಿದರೆ, ತೋಟದ ಮನೆಗೆ ಇದಕ್ಕಿಂತ ಹೊಂದುವ ನಾಯಿ ಇಲ್ಲ.

ಆದರೆ ಬೀದಿಯ ಮರಿ ಕಂಡ ಕೂಡಲೇ ಎತ್ತಿಕೊಳ್ಳಬೇಡಿ. ಮರಿಗೂ ರೇಬಿಸ್, ಅಂದರೆ ಹುಚ್ಚುನಾಯಿ ರೋಗ ಇರಬಹುದು. ದೊಡ್ಡವರನ್ನು ಕರೆಯಿರಿ, ಪಶುವೈದ್ಯರಿಗೆ ತೋರಿಸಲಿ. ಮರಿ ಕಚ್ಚಿದರೆ, ಪರಚಿದರೂ ಸಹ, ಆ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೈಸಿಕೊಳ್ಳಬೇಕಾಗುತ್ತದೆಂದು ಮನೆಯಲ್ಲಿ ಮುಚ್ಚಿಡಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ತೀರಾ ವಿರಳ. ಲಕ್ಷಣಕ್ಕೆ ಮೊದಲೇ ಲಸಿಕೆ ಹಾಕಿಸಿದರೆ ಜೀವ ಉಳಿಯುತ್ತದೆ. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಟ್ಟದ್ದು ಹಾಗೆಯೇ. ನಾಯಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಗಳಲ್ಲಿ ಮತ್ತೆ ಮತ್ತೆ ಹಾಕಿಸಬೇಕು. ಪಾರ್ವೊ ಎಂಬ ರಕ್ತಭೇದಿಯ ರೋಗಕ್ಕೆ ಇನ್ನೂ ಮೊದಲೇ, ಆರೆಂಟು ವಾರಕ್ಕೇ, ಲಸಿಕೆ ಶುರುವಾಗುತ್ತದೆ.

ತಿಳಿದವರ ಮನೆಯಿಂದ ತರುವುದಾದರೆ ಮರಿಗೆ ಎಂಟು ವಾರವಾಗುವವರೆಗೆ ತಾಯಿಯ ಹತ್ತಿರವೇ ಇರಲಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತನ್ನ ಒಡಹುಟ್ಟಿದವರ ಜೊತೆ ಆಡುವಾಗ. ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಅದು ನೋಡಿದ ಜನ, ದನ, ಬೆಕ್ಕುಗಳನ್ನು ಮುಂದೆಯೂ ನಮ್ಮವರೆಂದು ತಿಳಿಯುತ್ತದೆ. ಗುಂಪಿನಿಂದ ಸ್ವಲ್ಪ ದೂರ ಸುಮ್ಮನೆ ಕುಳಿತುಕೊಳ್ಳಿ. ಮೂಲೆಯಲ್ಲಿ ನಡುಗುವುದೂ ಬೇಡ, ಎಲ್ಲರನ್ನೂ ತಳ್ಳಿ ಕಚ್ಚುವುದೂ ಬೇಡ. ಸ್ವಲ್ಪ ಅನುಮಾನಿಸಿ ಆಮೇಲೆ ಬಂದು ಮೂಸುವ ಮರಿ ಮಕ್ಕಳಿರುವ ಮನೆಗೆ ಹೊಂದುತ್ತದೆ.

ಹೆಣ್ಣು ಮರಿಗಳೇ ಏಕೆ ಗೋಣಿಚೀಲ ಸೇರುತ್ತವೆ? ನಾಯಿಯ ಗರ್ಭದ ಅವಧಿ ಸುಮಾರು 63 ದಿನ. ವರ್ಷಕ್ಕೆ ಎರಡು ಸಲ ಮರಿ ಹಾಕಬಹುದು. ಸಲಕ್ಕೆ ಐದು ಎಂದರೂ ವರ್ಷಕ್ಕೆ ಹತ್ತು ಮರಿ. ಇದಕ್ಕೆ ಹೆದರಿ ಜನ ಬಿಟ್ಟು ಬರುತ್ತಾರೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಚಿಂತೆ ಇಲ್ಲ. ಮನೆ ಕಾಯುವುದರಲ್ಲಿ ಹೆಣ್ಣು ನಾಯಿ ಗಂಡಿಗೆ ಕಡಿಮೆಯೇನಲ್ಲ.

ಊಟದ ಬಗ್ಗೆ ಒಂದು ಸ್ವಾರಸ್ಯ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇತ್ತು! ಮನುಷ್ಯರ ಜೊತೆ ಬಾಳಿ ನಾಯಿ ಅನ್ನ ತಿನ್ನುವುದನ್ನು ದೇಹದಲ್ಲೇ ಕಲಿತಿದೆ. ಆದರೂ ಬರೀ ಅನ್ನ ಮಜ್ಜಿಗೆ ಸಾಲದು. ಮೊಟ್ಟೆ, ಮೀನು, ಮಾಂಸ ಮಾಡದ ಮನೆಯವರು ಬೇರೇನು ಹಾಕಬೇಕೆಂದು ಪಶುವೈದ್ಯರನ್ನು ಕೇಳಿ. ಈರುಳ್ಳಿ, ಚಾಕೊಲೇಟ್ ಮಾತ್ರ ಬೇಡವೇ ಬೇಡ. ಅವು ನಾಯಿಗೆ ವಿಷ.

ನಮ್ಮ ಕಡೆ ಇನ್ನೆರಡು ಎಚ್ಚರ ಬೇಕು. ಮಹಾರಾಷ್ಟ್ರದ ಅಕೋಲೆ ಪ್ರದೇಶದಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದಲ್ಲಿ ನಾಯಿಯ ಪಾಲೇ ದೊಡ್ಡದಾಗಿತ್ತು. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಓಡಲೂ ಆಗದು. ಬಾಗಿಲಿರುವ ಕೊಟ್ಟಿಗೆಯೊಳಗೆ ಮಲಗಿಸಿ. ಎರಡನೆಯದು ಉಣುಗು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಕಾಡಿಗೆ ಹೋಗಿಬಂದ ನಾಯಿಯ ಮೈಮೇಲೆ ಉಣುಗು ಮನೆಗೆ ಬರಬಹುದು. ಬರಿಗೈಯಲ್ಲಿ ಕಿತ್ತು ಚಿವುಟಬೇಡಿ. ಪಶು ಆಸ್ಪತ್ರೆಯಲ್ಲಿ ಉಣುಗಿನ ಔಷಧ ಕೇಳಿ, ದೊಡ್ಡವರಿಂದ ಹಾಕಿಸಿ.

ಆ ನಾಲ್ಕು ಮರಿಗಳು ಏನಾದವು? ಒಂದು ಮೂರನೇ ದಿನವೇ ರಕ್ತಭೇದಿಯಿಂದ ಸತ್ತಿತು. ಎರಡನ್ನು ಊರಿನವರು ಒಯ್ದರು. ಹುಡುಗಿ ವಾರದ ಲೆಕ್ಕ ಬರೆದು ತೋರಿಸಿದಳು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅವಳ ಮನೆಯ ಗೆರೆಗಳೆಲ್ಲ ಖಾಲಿ. "ನಮ್ಮನೆಗೆ ಆಗಲ್ಲ ಸಾರ್" ಎಂದು ತಾನೇ ಹೇಳಿದಳು. ನಾಲ್ಕನೆಯ ಮರಿ ಪಕ್ಕದ ಮನೆಯ ಅಜ್ಜಿಯ ಜಗಲಿ ಸೇರಿತು. ಅಜ್ಜಿ ಹಗಲೆಲ್ಲ ಮನೆಯಲ್ಲಿರುತ್ತಾರೆ, ಸಂಜೆ ಅದನ್ನು ಓಡಾಡಿಸುವುದು ಹುಡುಗಿ. ಮುಂದಿನ ಸಲ ಹೋದಾಗ ಲಸಿಕೆಯ ಕಾರ್ಡು ತಂದು ತೋರಿಸಿದಳು. ಅದರಲ್ಲಿ ನಾಯಿಯ ಹೆಸರಿನ ಜಾಗದಲ್ಲಿ 'ಕೆಂಪಿ' ಎಂದು ಬರೆದಿತ್ತು, ಮಾಲೀಕರ ಹೆಸರಿನ ಜಾಗದಲ್ಲಿ ಅಜ್ಜಿಯದೂ ಅವಳದೂ ಇಬ್ಬರ ಹೆಸರಿತ್ತು.